ಆರು ಸಲ ಸೋತೆವು, ಏಳನೇ ಸಲ ಕಾಗುಣಿತ ಕಾಪಾಡಿತು

ಮೊದಲೇ ಹೇಳಿಬಿಡುತ್ತೇನೆ, ಜಪಾನಿನಲ್ಲಿ ನಾವು ಆಡಿದ ಎಸ್ಕೇಪ್ ಆಟದ ಒಳಗಿನ ಒಗಟು ಯಾವುದನ್ನೂ ಇಲ್ಲಿ ಬಿಚ್ಚಿಡುವುದಿಲ್ಲ. ಆಡಿದವರೆಲ್ಲ ಪಾಲಿಸುವ ನಿಯಮ ಅದು. ಹೇಗೆ ಸೋತೆವು, ಎಷ್ಟು ದುಡ್ಡು ಕಳೆದೆವು, ಕೊನೆಗೆ ಹೇಗೆ ಗೆದ್ದೆವು, ಅಷ್ಟೇ ಹೇಳುತ್ತೇನೆ.

ನಾವು ನಾಲ್ಕು ಜನ, ಟೋಕಿಯೊದ ನಿಶಿಕಾಸಾಯ್‌ನಲ್ಲಿ ಇರುವವರು. ನಾನು, ಹಾಸನದ ಗೆಳೆಯ, ಅವನ ಹೆಂಡತಿ, ಮತ್ತೆ ನಾವೆಲ್ಲ ಅಕ್ಕ ಅಂತ ಕರೆಯುವ ಮಂಡ್ಯದವರು. ಬೆಂಗಳೂರಿನಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಕೀಲಿ ಹುಡುಕುವ ಎಸ್ಕೇಪ್ ರೂಮ್ ಆಡಿ ಬಂದಿದ್ದೆವು. ಆ ಧೈರ್ಯದಲ್ಲಿ ಇಲ್ಲಿ ಡಿಟೆಕ್ಟಿವ್ ಕೋನನ್ ಅನಿಮೆಯ, ಅಂದರೆ ಕೊಲೆಗಾರರನ್ನು ಪತ್ತೆ ಮಾಡುವ ಜಪಾನಿ ಕಾರ್ಟೂನಿನ, ಆಟಕ್ಕೆ ಟಿಕೆಟ್ ತೆಗೆದುಕೊಂಡೆವು.

ಇಲ್ಲಿ ಬೀಗವೂ ಇಲ್ಲ, ಕೀಲಿಯೂ ಇಲ್ಲ. ದೊಡ್ಡ ಹಾಲ್, ಮೇಜಿಗೆ ಆರು ಜನ, ಮುಂದೆ ಪರದೆ, 60 ನಿಮಿಷದ ಗಡಿಯಾರ. ಕೈಯಲ್ಲಿ ಬರೀ ಕಾಗದ, ಪೆನ್ಸಿಲ್. ಇಂಥ ಆಟವನ್ನು 2007ರಲ್ಲಿ ಕ್ಯೋಟೊದಲ್ಲಿ ಶುರು ಮಾಡಿದ ತಕಾವೊ ಕಾತೊ ಆಗ ಒಂದು ಪುಕ್ಕಟೆ ಪತ್ರಿಕೆ ನಡೆಸುತ್ತಿದ್ದರು. ಕಾಗದದ ಮೋಹ ಅಲ್ಲಿಂದಲೇ ಬಂದಿರಬೇಕು.

ಮೊದಲ ಸಲ ಅರ್ಧ ದಾರಿಯನ್ನೂ ಮುಟ್ಟಲಿಲ್ಲ. ಮೇಜಿನ ಇನ್ನಿಬ್ಬರು ಅಪರಿಚಿತರು. ಪಾಪ, ನಮಗೆ ಹೇಳಿಕೊಡುವುದರಲ್ಲೇ ಅವರ ಟೈಮೂ ಹೋಯಿತು. ಎರಡನೇ ಸಲದಿಂದ ಆರೂ ಸೀಟು ನಾವೇ ಹಿಡಿದೆವು. ತಲೆಗೆ ಸುಮಾರು 3,500 ಯೆನ್ ಇರಬೇಕು. ಒಮ್ಮೊಮ್ಮೆ ಇಬ್ಬರು ಗೆಳೆಯರು ಕೊನೇ ಗಳಿಗೆಯಲ್ಲಿ ಕೈಕೊಟ್ಟು ಆ ಸೀಟಿನ ದುಡ್ಡೂ ನಮ್ಮ ತಲೆಗೇ ಬಿತ್ತು. ಆರು ಆಟ, ರೈಲು, ಸೋತ ದುಃಖಕ್ಕೆ ತಿಂದ ರಾಮೆನ್, ಎಲ್ಲ ಸೇರಿ ಒಂದು ಲಕ್ಷ ಯೆನ್ ದಾಟಿತ್ತು. ನಮ್ಮ ರೂಪಾಯಿಯಲ್ಲಿ 55-60 ಸಾವಿರ. ಊರಲ್ಲಿ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಮೂರನೇ ಸೋಲು ಮಾತ್ರ ಕಣ್ಣು ತೆರೆಸಿತು. ಒಂದು ಹಾಳೆಯ ಮೂಲೆಯಲ್ಲಿ ತನುಕಿಯ ಚಿತ್ರ ಇತ್ತು. ನಾಯಿಯ ಹಾಗೆ ಕಾಣುವ ಇಲ್ಲಿನ ಒಂದು ಕಾಡುಪ್ರಾಣಿ ಅದು. ನಾವು ಅದರ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದೆವು, ಕನ್ನಡಕ್ಕೆ ತಿರುಗಿಸಿದೆವು, ಕಾಡುಪ್ರಾಣಿಗೂ ಕೊಲೆಗೂ ಏನು ಸಂಬಂಧ ಅಂತ ಹತ್ತು ನಿಮಿಷ ಜಗಳ ಆಡಿದೆವು. ಕೊನೆಗೆ ನೋಡಿದರೆ ಅದು ಇಲ್ಲಿನ ಎಲ್ಲ ಮಕ್ಕಳಿಗೂ ಗೊತ್ತಿರುವ ಒಗಟು, ಅದಕ್ಕೇ ಇದೊಂದನ್ನು ಹೇಳುತ್ತಿದ್ದೇನೆ. ನುಕಿ ಅಂದರೆ ತೆಗೆದುಹಾಕುವುದು. ತ-ನುಕಿ, ಅಂದರೆ ‘ತ’ ಅಕ್ಷರ ತೆಗೆದು ಓದು. ಮುಗೀತು! ಅರ್ಥ ಹುಡುಕಿ ಸತ್ತೆವು, ಆಟ ಇದ್ದದ್ದು ಸದ್ದಿನಲ್ಲಿ.

ಅವತ್ತು ರಾತ್ರಿ ನಾನು ಹೇಳಿದೆ, ಇನ್ನು ಅನುವಾದ ಬೇಡ. ಕಂಡದ್ದನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆಯೋಣ, ಅರ್ಥ ಆಮೇಲೆ. ನನ್ನ ಆಫೀಸಿನ ಜಪಾನಿ ಗೆಳೆಯ ಕೇಳಿ ನಕ್ಕುಬಿಟ್ಟ. ಅವನು ಈ ಆಟಗಳಲ್ಲಿ ಪಳಗಿದವನು. “ಕಾಂಜಿಯನ್ನೇ ನೆಟ್ಟಗೆ ಓದಲು ಬಾರದವರು ನಡುವೆ ಇನ್ನೊಂದು ಲಿಪಿ ತರುತ್ತೀರಾ?” ಅಂದ. ಕಾಂಜಿ ಅಂದರೆ ಜಪಾನಿಯಲ್ಲಿ ಬಳಸುವ, ಚೀನಾದಿಂದ ಬಂದ ಅಕ್ಷರಗಳು. ಹಾಸನದವನೂ ಅವನ ಕಡೆಯೇ ವಾಲಿದ.

ಆದರೆ ನೋಡಿ, ಇಲ್ಲಿನ ಮುಕ್ಕಾಲು ಪಾಲು ಒಗಟು ನಿಂತಿರುವುದು ಹಿರಗಾನಾ ಅಕ್ಷರಗಳ ಕೋಷ್ಟಕದ ಮೇಲೆ. ಅಡ್ಡಕ್ಕೆ ಅ, ಇ, ಉ, ಎ, ಒ. ಉದ್ದಕ್ಕೆ ಅ, ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧರ ಜೊತೆ ನಮ್ಮ ಕಡೆಯಿಂದ ಹೋದ ವರ್ಣಮಾಲೆಯ ಕ್ರಮವೇ ಅದಕ್ಕೆ ಆಧಾರ. ಹಿರಗಾನಾದಲ್ಲಿ ‘ಕ’ ಬರೆಯುವುದಕ್ಕೂ ‘ಕಿ’ ಬರೆಯುವುದಕ್ಕೂ ಯಾವ ಹೋಲಿಕೆಯೂ ಇಲ್ಲ. ನಮ್ಮಲ್ಲಿ ಹಾಗಲ್ಲ. ‘ಒಂದು ಮನೆ ಮುಂದೆ ಹೋಗು’ ಅನ್ನುವ ಸುಳಿವು ಬಂದರೆ ತಲಕಟ್ಟು ತೆಗೆದು ಗುಡಿಸು ಹಾಕಿದರೆ ಆಯಿತು. ಅಕ ಅಂದರೆ ಕೆಂಪು. ಒಂದು ಮನೆ ಸರಿಸಿ, ಇಕಿ. ಅಂದರೆ ಉಸಿರು. ಒಂದನೇ ಕ್ಲಾಸಿನ ಕೆಲಸ. ಹಿರಗಾನಾ ಅಕ್ಷರದ ಪಕ್ಕ ಎರಡು ಚುಕ್ಕಿ ಬಂದರೆ ಕ ಹೋಗಿ ಗ, ತ ಹೋಗಿ ದ. ಹ ಮಾತ್ರ ಬ ಆಗುತ್ತದೆ, ಸಣ್ಣ ಸೊನ್ನೆ ಬಂದರೆ ಪ. ಅದೊಂದನ್ನು ಬಾಯಿಪಾಠ ಮಾಡಿಕೊಂಡೆವು.

ಇಷ್ಟಾದರೂ ಮತ್ತೆ ಮೂರು ಸಲ ಸೋತೆವು. ನಾಲ್ಕನೆಯದು ನನ್ನದೇ ತಪ್ಪು. ಕಿವಿಗೆ ಬಿದ್ದ ಹಾಗೆ ಶಿ, ಚಿ, ತ್ಸು, ಫು ಅಂತ ಬರೆದೆ. ಅವು ಸ, ತ, ಹ ಸಾಲಿನ ಅಕ್ಷರಗಳು, ಕೋಷ್ಟಕ ಕೆಟ್ಟುಹೋಯಿತು. ಈಗ ಸಿ, ತಿ, ತು, ಹು ಅಂತಲೇ ಬರೆಯುತ್ತೇವೆ. ಓದುವಾಗ ಸರಿಯಾಗಿ ಓದಿಕೊಂಡರೆ ಸಾಕು. ಐದು, ಆರರಲ್ಲಿ ಚಿಕ್ಕ ಒಗಟುಗಳೆಲ್ಲ ಪಟಪಟ ಬಿದ್ದವು, ಕೊನೆಯದು ಬೀಳಲಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಟೋಕಿಯೊ ಮೆಟ್ರೊದ ಒಗಟಿನ ಕಿಟ್ ತಂದೆವು. 24 ಗಂಟೆಯ ಪಾಸ್ ಅದರಲ್ಲೇ ಇರುತ್ತದೆ, ಸ್ಟೇಷನ್ನಿಂದ ಸ್ಟೇಷನ್ನಿಗೆ ಅಲೆಯಬೇಕು. ಗಡಿಯಾರದ ಕಾಟ ಇಲ್ಲ, ಕಾಲುನೋವು ಜಾಸ್ತಿ. ಕನ್ನಡದ ಬರವಣಿಗೆಗೆ ಕೈ ಪಳಗಿದ್ದು ಮಾತ್ರ ಅಲ್ಲೇ. ಆಮೇಲೆ ರಾಜ್ಯೋತ್ಸವದ ಊಟಕ್ಕೆ ಸೇರಿದಾಗ ಸುಮ್ನೆ ಒಂದು ಕನ್ನಡ ಒಗಟು ಮಾಡಿದೆ. ಕಡಲೆ ಅಂತ ಬರೆದು, ಕೆಳಗೆ ‘ಡ’ ಅಕ್ಷರ, ಅದರ ಪಕ್ಕದಲ್ಲಿ ಹೊಲದ ಕಳೆಯ ಚಿತ್ರ. ದೊಡ್ಡವರೆಲ್ಲ ಚಿತ್ರ ನೋಡಿ ಕೊತ್ತಂಬರಿಯೋ ಪುದೀನವೋ ಅಂತ ಚರ್ಚೆ ಮಾಡುತ್ತಾ ಕೂತರು. ಎಂಟು ವರ್ಷದ ಹುಡುಗಿ ಬಂದು ‘ಡ ಕಳೆ, ಕಲೆ’ ಅಂದು ಹೋಳಿಗೆ ತಿನ್ನಲು ಹೋದಳು.

ಏಳನೇ ಆಟಕ್ಕೆ ಒಂದೇ ಬದಲಾವಣೆ ಮಾಡಿದೆವು. ಅಕ್ಕನಿಗೆ ಒಗಟು ಮುಟ್ಟಲು ಬಿಡಲಿಲ್ಲ. ಅವರು ಕೋನನ್ ಹುಚ್ಚಿನವರು, ಕಂತುಗಳನ್ನು ನೂರರ ಲೆಕ್ಕದಲ್ಲಿ ನೋಡಿದವರು. ಪರದೆಯ ಮೇಲೆ ಯಾರು ಏನು ಹೇಳಿದರು, ಯಾರು ಎಲ್ಲಿ ನಿಂತಿದ್ದರು, ಬರೀ ಅದನ್ನು ಬರೆದುಕೊಳ್ಳುವುದು ಅವರ ಕೆಲಸ. “3,500 ಕೊಟ್ಟು ಗುಮಾಸ್ತೆ ಕೆಲಸ ಮಾಡಬೇಕಾ ನಾನು?” ಅಂತ ಬೈದರು. ಬೈದುಕೊಂಡೇ ಮೂರು ಪುಟ ಬರೆದರು.

ಆಡಿದವರಿಗೆ ಗೊತ್ತು, ಕೊನೆಯ ಒಗಟಿಗೆ ಹೊಸ ಹಾಳೆ ಬರುವುದಿಲ್ಲ. ಮುಗೀತು ಅಂತ ಪಕ್ಕಕ್ಕೆ ತಳ್ಳಿದ್ದೇ ಬೇರೆ ವೇಷ ಹಾಕಿಕೊಂಡು ವಾಪಸ್ ಬರುತ್ತದೆ. ಗಡಿಯಾರದಲ್ಲಿ 18 ನಿಮಿಷ ಇರುವಾಗ ಅಲ್ಲಿಗೆ ತಲುಪಿದೆವು. ಅಷ್ಟು ಟೈಮ್ ಹಿಂದೆ ಯಾವತ್ತೂ ಉಳಿದಿರಲಿಲ್ಲ. ಬಳಸಿದ ಹಾಳೆಗಳನ್ನು ನಾವು ಮೇಜಿನ ಮೇಲೆ ಒಂದು ಕ್ರಮದಲ್ಲಿ ಹರಡುತ್ತೇವೆ. ಆ ಕ್ರಮ ಏನು ಅಂತ ಕೇಳಬೇಡಿ, ಇನ್ನೂ ಆಡುವುದಿದೆ. ಹಾಸನದವನ ಹೆಂಡತಿ ಕನ್ನಡದಲ್ಲಿ ಬರೆದ ಒಂದು ಸಾಲನ್ನು ಜೋರಾಗಿ ಓದಿದಳು. ಅಕ್ಕ ತಮ್ಮ ಎರಡನೇ ಪುಟ ತಿರುಗಿಸಿ, “ಅಯ್ಯೋ, ಇದನ್ನು ಅವನು ಶುರುವಿನಲ್ಲೇ ಹೇಳಿದ್ದ ಕಣ್ರೋ!” ಅಂದರು. ಉತ್ತರ ಕೊಟ್ಟಾಗ ನಾಲ್ಕೈದು ನಿಮಿಷ ಬಾಕಿ ಇತ್ತು.

50ರ ಹತ್ತಿರ ಮೇಜುಗಳಿದ್ದವು, ಗೆದ್ದದ್ದು ಆರೋ ಏಳೋ. ವೇದಿಕೆಯಿಂದ ಕರೆದಾಗ ಎದ್ದು ನಿಂತೆವು. ‘ಸೇಕೋ’, ಅಂದರೆ ಯಶಸ್ಸು, ಅಂತ ಬರೆದ ಫಲಕ ಹಿಡಿದು ಫೋಟೊ ತೆಗೆಸಿಕೊಂಡೆವು. ಆರು ಸಲ ‘ಶಿಪ್ಪಾಯ್’, ಅಂದರೆ ಸೋಲು, ಅನ್ನುವ ಫಲಕ ಹಿಡಿದಿದ್ದ ಕೈಗಳು, ಸ್ವಲ್ಪ ನಡುಗಿದವು.

ಫೋಟೊವನ್ನು ಅದೇ ರಾತ್ರಿ ಆಫೀಸಿನ ಗೆಳೆಯನಿಗೆ ಕಳಿಸಿದೆ. ಸೋಮವಾರ ಬಂದು, ಮುಂದಿನ ಆಟಕ್ಕೆ ಖಾಲಿ ಸೀಟು ಇದೆಯಾ ಅಂತ ಕೇಳಿದ. ಇದೆ, ಆದರೆ ಕಾಗುಣಿತ ಕಲಿತರೆ ಮಾತ್ರ ಅಂದೆ. ಈಗ ‘ಕು’ವರೆಗೆ ಬಂದಿದ್ದಾನೆ. ಕೊಂಬನ್ನು ಎಡಕ್ಕೆ ಹಾಕುತ್ತಾನೆ.