ಕ್ಯಾಮೆರಾ ಸ್ಕ್ರೀನ್‌ಗೆ ಗಾರ್ಡ್ ಬೇಕಾ? ಬೇಕೇ ಬೇಕು

ಹೊಸ ಕ್ಯಾಮೆರಾ ತೆಗೆದುಕೊಂಡವರಿಗೆ ನನ್ನದೊಂದೇ ಮಾತು, ಮೊದಲ ದಿನವೇ ಹಿಂಬದಿ ಸ್ಕ್ರೀನ್‌ಗೆ ಟೆಂಪರ್ಡ್ ಗ್ಲಾಸ್ ಅಂಟಿಸಿ. ಹೋದ ವರ್ಷ ಚಿತ್ರದುರ್ಗದ ಕೋಟೆಯಲ್ಲಿ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದೆ, ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳುವಾಗ ಒಂದು ಸಲ ಬಂಡೆಗೆ ಉಜ್ಜಿತು, ಅಷ್ಟೇ. ಅಡ್ಡಡ್ಡ ಮೂರು ಗೀರು. ಬಿಸಿಲಲ್ಲಿ ಫೋಟೋ ನೋಡುವಾಗ ಇವತ್ತಿಗೂ ಅವೇ ಮೊದಲು ಕಣ್ಣಿಗೆ ಬೀಳುತ್ತವೆ.

ನಮ್ಮ ದುರ್ಗದ ಕಲ್ಲು ಗ್ರಾನೈಟ್ ಜಾತಿಯದು. ಅದರಲ್ಲಿರುವ ಕ್ವಾರ್ಟ್ಜ್ ಅನ್ನೋ ಖನಿಜ ಗಡಸುತನದ ಮೋಸ್ ಅಳತೆಯಲ್ಲಿ 7, ಮಾಮೂಲಿ ಗಾಜು 5.5ರ ಆಸುಪಾಸು. ಹೆಚ್ಚು ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ. ಬಂಡೆಯೇ ತಾಗಬೇಕೆಂದಿಲ್ಲ, ಇಂಥ ಕಲ್ಲಿನ ಧೂಳು ಕೂತ ಸ್ಕ್ರೀನನ್ನು ಸುಮ್ನೆ ಅಂಗಿ ತುದಿಯಿಂದ ಒರೆಸಿದರೂ ಸಾಕು. ಗಾರ್ಡ್‌ನ ಪ್ಯಾಕೆಟ್ ಮೇಲೆ 9ಎಚ್ ಅಂತ ಇರುತ್ತದಲ್ಲ, ಅದು ಪೆನ್ಸಿಲ್ ಗಡಸುತನದ ಅಳತೆ, ಮೋಸ್ ಅಲ್ಲ. ಗಾರ್ಡ್‌ಗೂ ಗೀರು ಬೀಳುತ್ತದೆ, ಆದರೆ ಅದನ್ನು ಕಿತ್ತು ಬೇರೆ ಹಾಕಬಹುದು, ಅಲ್ವಾ?

ನಿಮ್ಮ ಮಾಡೆಲ್‌ಗೇ ಅಂತ ಬರುವುದನ್ನೇ ಕೊಳ್ಳಿ. ತಿರುಗಿಸಿ ಮಡಚುವ ಸ್ಕ್ರೀನ್ ಆದರೆ ದಪ್ಪ ಗ್ಲಾಸ್ ಬೇಡ, ಮುಚ್ಚುವಾಗ ಸರಿಯಾಗಿ ಕೂರುವುದಿಲ್ಲ. ಅಂಥವರು ಬ್ಯಾಗಿಗೆ ಹಾಕುವಾಗ ಸ್ಕ್ರೀನ್ ಒಳಮುಖ ಮಾಡಿಟ್ಟರೆ ಅರ್ಧ ಚಿಂತೆ ಕಳೆಯಿತು.

ಅಂಟಿಸುವಾಗ ಫ್ಯಾನ್ ಆಫ್ ಮಾಡಿ, ಬ್ಲೋವರ್‌ನಿಂದ ಧೂಳು ಊದಿ. ಒಂದು ಕಣ ಉಳಿದರೂ ಗುಳ್ಳೆ ಏಳುತ್ತದೆ, ಆ ಕಣವನ್ನು ಸೆಲ್ಲೋಟೇಪಿನ ತುದಿ ತಾಗಿಸಿ ಎತ್ತಿಬಿಡಿ.