ಹಳೇ ನೋಟ್‌ಬುಕ್ ಈಗಲೇ ರದ್ದಿಗೆ ಹಾಕಬೇಡಿ

ಶಾಲೆ ಮುಗೀತು ಅಂತ ನೋಟ್‌ಬುಕ್‌ಗಳನ್ನೆಲ್ಲ ಕಟ್ಟಿಡುವ ಮೊದಲು ಮಗುವಿನ ಜೊತೆ ಅರ್ಧ ಗಂಟೆ ಕೂತು ತಿರುವಿ ಹಾಕಿ. ಕೆಂಪು ಗೆರೆ ಎಲ್ಲಿ ಜಾಸ್ತಿ ಇದೆ ನೋಡಿ. ಬೈಯೋಕಲ್ಲ, ಸುಮ್ನೆ ಗುರುತು ಹಾಕಿಕೊಳ್ಳೋಕೆ.

ನನ್ನ ಮಗಳ ಗಣಿತದ ಪುಸ್ತಕದಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸಿತು. 402ರಲ್ಲಿ 158 ಕಳೆದರೆ 356 ಅಂತ ಬರೆದಿದ್ದಳು. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದಾಳೆ! ನಡುವೆ ಸೊನ್ನೆ ಬಂದರೆ ದಶಕ ತರೋದು ಹೇಗೆ ಅಂತಲೇ ಗೊತ್ತಿರಲಿಲ್ಲ. ಕಡ್ಡಿಗಳನ್ನು ಹತ್ತು, ನೂರರ ಕಟ್ಟು ಮಾಡಿ, ಬಿಚ್ಚಿ ತೋರಿಸಿದೆ. ಮೂರನೇ ದಿನ 244 ತಾನಾಗೇ ಬಂತು.

ಇಂಥ ಎರಡೋ ಮೂರೋ ವಿಷಯ ಆರಿಸಿಕೊಂಡರೆ ರಜೆಗೆ ಸಾಕು. ದಿನಕ್ಕೆ ಹತ್ತು ಹದಿನೈದು ನಿಮಿಷ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ಸೋಮವಾರಕ್ಕೆ ಅರ್ಧ ಮರೆತಿರುತ್ತಾರೆ, ಅಲ್ವಾ? ಮಗ್ಗಿಯನ್ನೂ ಸಾಲಾಗಿ ಒಪ್ಪಿಸೋದು ಬೇಡ, ನಡುವಿಂದ ಕೇಳಿ: ಏಳೆಂಟ್ಲ ಎಷ್ಟು?

ಓದೋಕೆ ಪುಸ್ತಕ ಮಗುವೇ ಆರಿಸಲಿ. ಕಾಮಿಕ್ಸ್ ಆದರೂ ಪರವಾಗಿಲ್ಲ. ಒಂದು ಪುಟ ನೀವು, ಒಂದು ಪುಟ ಅವರು ಜೋರಾಗಿ ಓದಿ. ಬರೆಯೋದಕ್ಕೆ ಸಾಮಾನಿನ ಚೀಟಿ ಅವರ ಕೈಗೆ ಕೊಡಿ, ಕಾಗುಣಿತದ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.