ಎಸ್‌ಯುವಿಗೆ ಎರಡು ಬಣ್ಣವೋ, ಒಂದೇ ಬಣ್ಣವೋ: ಆರಿಸುವುದು ಹೇಗೆ?

ಗಾಡಿ ಆರಿಸುವಾಗ ಮೊದಲು ಕುಕ್ಕರುಗಾಲಲ್ಲಿ ಕೂತು ಕೆಳಭಾಗ ನೋಡಿ. ಚಕ್ರದ ಕಮಾನು, ಬಾಗಿಲಿನ ತಳ, ಬಂಪರ್‌ನ ಅಂಚು. ಕಲ್ಲು, ಕೆಸರು ಬಡಿಯುವುದು ಅಲ್ಲೇ ಅಲ್ವಾ? ಅಲ್ಲಿರುವುದು ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್ಕಾ, ಬಾಡಿಯ ಬಣ್ಣವೇನಾ ಅಂತ ಗಮನಿಸಿ. ಕಪ್ಪಿದ್ದರೆ ಎರಡು ಬಣ್ಣದ ಗಾಡಿ, ಬಾಡಿಯ ಬಣ್ಣವೇ ಇದ್ದರೆ ಒಂದೇ ಬಣ್ಣದ್ದು.

ನನ್ನ ಮೊದಲ ಗಾಡಿ ಪೂರ್ತಿ ಒಂದೇ ನೀಲಿ. ತುಂಬಾ ಚೆಂದವಿತ್ತು. ಆದರೆ ಜಲ್ಲಿ ರಸ್ತೆಯಲ್ಲಿ ಓಡಾಡಿ, ಹಿಂದಿನ ಚಕ್ರದ ಹತ್ತಿರ ಸಾಸಿವೆ ಕಾಳಿನಷ್ಟು ಬಣ್ಣ ಎದ್ದುಹೋಯಿತು. ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತಿತ್ತು. ಈಗಿನದು ಕೆಂಪು, ಕೆಳಗೆ ಕಪ್ಪು. ಆ ತರಿತರಿ ಪ್ಲಾಸ್ಟಿಕ್‌ನಲ್ಲಿ ಸಣ್ಣ ಗೀರು ಕಣ್ಣಿಗೇ ಬೀಳುವುದಿಲ್ಲ.

ಕಪ್ಪು ಪ್ಲಾಸ್ಟಿಕ್‌ನ ಶತ್ರು ಬಿಸಿಲು. ಅತಿನೇರಳೆ ಕಿರಣ ಬಿದ್ದೂ ಬಿದ್ದೂ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ನೆರಳಲ್ಲಿ ನಿಲ್ಲಿಸಿ. ತೊಳೆದು, ಪೂರ್ತಿ ಒಣಗಿದ ಮೇಲೆ ಪ್ಲಾಸ್ಟಿಕ್‌ಗೆಂದೇ ಬರುವ ಟ್ರಿಮ್ ದ್ರವ ತೆಳ್ಳಗೆ ಸವರಿ. ಬಾಡಿಯ ಮೇಲೆ ವ್ಯಾಕ್ಸ್ (ಹೊಳಪಿನ ಮೇಣ) ಹಾಕುವ ಮೊದಲು ಕಪ್ಪು ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ನಾನು ಒಮ್ಮೆ ಬಿಟ್ಟಿದ್ದೆ. ತರಿಯೊಳಗೆ ಬಿಳಿ ಪುಡಿ ಕೂತುಬಿಟ್ಟಿತು, ಮೆದು ಬ್ರಷ್ ಹಿಡಿದು ಒಂದು ಮಧ್ಯಾಹ್ನವೆಲ್ಲ ಉಜ್ಜಿದೆ.

ಆ ಪ್ಲಾಸ್ಟಿಕ್‌ಗೆ ಆಮೇಲೆ ಬಾಡಿಯ ಬಣ್ಣ ಹೊಡೆಸುವ ಆಸೆಯಿದ್ದರೆ, ಬಣ್ಣ ಹಿಡಿಯಲು ಪ್ಲಾಸ್ಟಿಕ್ ಪ್ರೈಮರ್ ಹಾಕುತ್ತಾರಾ ಅಂತ ಮೊದಲೇ ಕೇಳಿ. ಸುಮ್ನೆ ಮೇಲೆ ಹೊಡೆದರೆ ಸಿಪ್ಪೆಯಂತೆ ಏಳುತ್ತದೆ.

ನೋಟದ ವಿಷಯಕ್ಕೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಕಪ್ಪು ತಳ ಗಾಡಿಯನ್ನು ಎತ್ತರವಾಗಿ ತೋರಿಸುತ್ತದೆ. ಬಿಳಿ, ಬೆಳ್ಳಿ ಬಣ್ಣಕ್ಕೆ ಈ ವ್ಯತ್ಯಾಸ ಜಾಸ್ತಿ. ಗಾಢ ಬಣ್ಣಕ್ಕೆ ಅಷ್ಟಿಲ್ಲ. ಡಾಂಬರು ರಸ್ತೆಯಲ್ಲೇ ಓಡಿಸುವವರು ಧೈರ್ಯವಾಗಿ ಒಂದೇ ಬಣ್ಣ ತೆಗೆದುಕೊಳ್ಳಬಹುದು.